ಉಪ್ಪು ನೀರಿನ ಬಿಳಿ ಕಲೆಗೆ ಆಸಿಡ್ ಜತೆ ಬ್ಲೀಚಿಂಗ್ ಪೌಡರ್ ಬೆರೆಸಬಹುದೇ?

ಪ್ರಶ್ನೆ: ನಮ್ಮದು ಕೋಲಾರ. ಬೋರ್‌ವೆಲ್ ನೀರಿಗೆ ಬಚ್ಚಲುಮನೆಯ ಟೈಲ್ಸ್, ನಲ್ಲಿ ಎಲ್ಲ ಬೆಳ್ಳಗಾಗಿವೆ. ಆಸಿಡ್ ಹಾಕಿದರೂ ಪೂರ್ತಿ ಹೋಗುತ್ತಿಲ್ಲ. ಬ್ಲೀಚಿಂಗ್ ಪೌಡರ್ ಬೆರೆಸಿದರೆ ಹೋಗುತ್ತದಂತೆ, ನಿಜವೇ?

ಉತ್ತರ: ಬೆರೆಸಲೇಬೇಡಿ. ಆಸಿಡ್ ತಗುಲಿದ ಕೂಡಲೇ ಬ್ಲೀಚಿಂಗ್ ಪೌಡರ್ ಕ್ಲೋರಿನ್ ಎಂಬ ವಿಷಾನಿಲ ಬಿಡುತ್ತದೆ. ಅದು ಗಾಳಿಗಿಂತ ಭಾರ. ನೆಲದ ಮಟ್ಟದಲ್ಲೇ ನಿಲ್ಲುತ್ತದೆ. ಕೂತು ಉಜ್ಜುವವರ ಮುಖ ಇರುವುದೂ ಅಲ್ಲೇ. ಹಾರ್ಪಿಕ್‌ನಂಥ ಟಾಯ್ಲೆಟ್ ಕ್ಲೀನರ್‌ನಲ್ಲಿ ಇರುವುದೂ ಹೈಡ್ರೋಕ್ಲೋರಿಕ್ ಆಸಿಡ್ಡೇ, ಹಾಗಾಗಿ ಅದರ ಜತೆಗೂ ಬೇಡ. ವಿನಿಗರ್, ನಿಂಬೆ ಉಪ್ಪಿನ (ಸಿಟ್ರಿಕ್ ಆಸಿಡ್) ಜತೆಗೂ ಬೇಡ.

ಅಷ್ಟಕ್ಕೂ ಬ್ಲೀಚಿಂಗ್ ಪೌಡರ್‌ನಿಂದ ಈ ಕಲೆಗೆ ಉಪಯೋಗವೇ ಇಲ್ಲ. ಅದು ಕೊಲ್ಲುವುದು ಕ್ರಿಮಿಯನ್ನು, ಪಾಚಿಯನ್ನು. ನಿಮ್ಮ ಗೋಡೆಯ ಮೇಲಿರುವುದು ಗಡಸು ನೀರಿನ ಸುಣ್ಣ.

ಆಸಿಡ್ ಸೋಲುವುದಕ್ಕೆ ಸಾಮಾನ್ಯವಾಗಿ ಎರಡು ಕಾರಣ. ಸುಣ್ಣದ ಮೇಲೆ ಸೋಪಿನ ಜಿಡ್ಡು ಕೂತಿರುತ್ತದೆ. ಇಲ್ಲವೇ ಗೋಡೆಗೆ ಎರಚಿದ್ದು ಕೆಲಸ ಮಾಡುವ ಮೊದಲೇ ಇಳಿದುಹೋಗುತ್ತದೆ. ಮೊದಲು ಪಾತ್ರೆ ತೊಳೆಯುವ ಲಿಕ್ವಿಡ್‌ನಿಂದ ಜಿಡ್ಡು ತೆಗೆದು, ಚೆನ್ನಾಗಿ ನೀರು ಹಾಕಿ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ 50 ಗ್ರಾಂ ನಿಂಬೆ ಉಪ್ಪು ಕರಗಿಸಿ, ಹಳೇ ಬಟ್ಟೆ ಅದ್ದಿ ಟೈಲ್ಸ್‌ಗೆ ಅಂಟಿಸಿ, 15–20 ನಿಮಿಷ ಬಿಡಿ. ಬಟ್ಟೆ ಎತ್ತಿದಾಗ ಸಣ್ಣ ಗುಳ್ಳೆ ಕಂಡರೆ ಸುಣ್ಣ ಕರಗುತ್ತಿದೆ ಎಂದರ್ಥ. ಪ್ಲಾಸ್ಟಿಕ್ ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ದಪ್ಪ ಪದರವಿದ್ದರೆ ಎರಡು ಮೂರು ಸಲ ಬೇಕಾದೀತು. ನಲ್ಲಿಗೆ 10 ನಿಮಿಷ ಸಾಕು; ಕಡು ಆಸಿಡ್ ತಾಗಿದರೆ ಅದರ ಹೊಳಪಿನ ಲೇಪ ಎದ್ದುಬರುತ್ತದೆ.

ಉಗುರಿನಿಂದ ಕೆರೆದರೂ ಪದರ ಏಳದೆ, ಗುಳ್ಳೆಯೂ ಬಾರದೆ ಮಂಕಾಗಿಯೇ ಉಳಿದರೆ ಅದು ಬಹುಶಃ ಕಲೆಯಲ್ಲ. ಹಳೆಯ ಆಸಿಡ್ ಏಟಿಗೆ ಮೇಲಿನ ಹೊಳಪೇ ಹೋಗಿರುತ್ತದೆ, ಇನ್ನು ಉಜ್ಜಿ ಫಲವಿಲ್ಲ.

ಕಡಪ ಕಲ್ಲು, ಮಾರ್ಬಲ್ ಇದ್ದರೆ ನಿಂಬೆ ಉಪ್ಪನ್ನೂ ಹಾಕಬೇಡಿ. ಅವೂ ಸುಣ್ಣದ ಜಾತಿಯ ಕಲ್ಲುಗಳೇ. ಕಲೆಯ ಜತೆ ಕಲ್ಲೂ ಕರಗುತ್ತದೆ. ಟೈಲ್ಸ್ ಸಂದಿನ ಸಿಮೆಂಟಿಗೂ ಇದೇ ಗತಿ, ಆಸಿಡ್ ಹಾಕಿದಷ್ಟೂ ಪುಡಿಯಾಗಿ ಉದುರುತ್ತದೆ.

ಟಾಯ್ಲೆಟ್ ಕಮೋಡಿಗೆ ಆಸಿಡ್ ಬೇಕೇ ಬೇಕೆಂದರೆ ಕಿಟಕಿ, ಬಾಗಿಲು ತೆರೆದು, ರಬ್ಬರ್ ಗ್ಲೌಸ್, ಕನ್ನಡಕ ಹಾಕಿಕೊಳ್ಳಿ. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಮೊದಲು ತಣ್ಣೀರು, ಆಮೇಲೆ ಆಸಿಡ್. ಆಸಿಡ್ ಮೇಲೆ ನೀರು ಸುರಿದರೆ ಬಿಸಿಯೇರಿ ಸಿಡಿಯುತ್ತದೆ. ಬ್ಲೀಚಿಂಗ್ ಪೌಡರ್ ಬಳಸುವುದಿದ್ದರೆ ಇನ್ನೊಂದು ದಿನ ಇಟ್ಟುಕೊಳ್ಳಿ. ಬೈಕಿನಲ್ಲಿ ಮಾರಿಕೊಂಡು ಬರುವವರಿಂದ ಕೊಂಡ ಆಸಿಡ್ಡನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ಮಾತ್ರ ಇಡಬೇಡಿ, ಮಕ್ಕಳಿಗೆ ಗೊತ್ತಾಗುವುದಿಲ್ಲ.

ಈಗಾಗಲೇ ಬೆರೆಸಿ ಘಾಟು ಎದ್ದಿದ್ದರೆ ತೊಳೆಯಲು ನಿಲ್ಲದೆ ಹೊರಗೆ ಬನ್ನಿ. ಕಣ್ಣು ಉರಿದರೆ 15–20 ನಿಮಿಷ ತಣ್ಣೀರು ಹಾಯಿಸಿ. ಉಸಿರು ಕಟ್ಟಿದರೆ, ಕೆಮ್ಮು ನಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಶ್ವಾಸಕೋಶದ ತೊಂದರೆ ಕೆಲವು ಗಂಟೆ ಕಳೆದ ಮೇಲೂ ಕಾಣಿಸಿಕೊಳ್ಳಬಹುದು. ಯಾರಾದರೂ ಆಸಿಡ್ ಕುಡಿದಿದ್ದರೆ ವಾಂತಿ ಮಾಡಿಸಬೇಡಿ, ಬಾಟಲಿ ಸಮೇತ ಆಸ್ಪತ್ರೆಗೆ ಕರೆದೊಯ್ಯಿರಿ.