ಪಾರ್ಸಲ್ ಬಿಚ್ಚಿದ ಮೇಲೆ ಡಬ್ಬ ಎಷ್ಟು ದಿನ ಇಡಬೇಕು?

ಪ್ರಶ್ನೆ: ಜಯನಗರದಲ್ಲಿ ಒಂದು ಬೆಡ್‌ರೂಮಿನ ಬಾಡಿಗೆ ಮನೆ. ಆನ್‌ಲೈನ್‌ನಲ್ಲಿ ತರಿಸಿದ ಸಾಮಾನಿನ ಡಬ್ಬಗಳಿಂದಲೇ ಅಟ್ಟ ತುಂಬಿದೆ. ಯಾವುದನ್ನು ಎಸೆಯಬಹುದು?

ಉತ್ತರ: ಹೊರಗಿನ ಕಂದು ರಟ್ಟಿನ ಡಬ್ಬ ಬೇರೆ, ಒಳಗಿನ ಕಂಪನಿ ಡಬ್ಬ ಬೇರೆ. ಎರಡನ್ನೂ ಒಂದೇ ಎಂದುಕೊಳ್ಳುವುದರಿಂದಲೇ ಅಟ್ಟ ತುಂಬುವುದು.

ಹೊರಗಿನದು ದಾರಿಯಲ್ಲಿ ಏನಾಯಿತು ಎಂಬುದಕ್ಕೆ ಸಾಕ್ಷಿ, ಅಷ್ಟೆ. ಮೂಲೆ ಜಜ್ಜಿದ್ದರೆ, ಮಳೆಗೆ ನೆನೆದಿದ್ದರೆ, ಟೇಪಿನ ಮೇಲೆ ಮತ್ತೆ ಟೇಪ್ ಸುತ್ತಿದ್ದರೆ ಬಿಚ್ಚುವ ಮೊದಲೇ ಆರೂ ಬದಿಯ ಫೋಟೊ ತೆಗೆಯಿರಿ. ಲೇಬಲ್ ಮೇಲಿನ ಏರ್‌ವೇ ಬಿಲ್ ಸಂಖ್ಯೆ, ಅಂದರೆ ಕೊರಿಯರ್‌ನವರು ಆ ಪಾರ್ಸಲ್‌ಗೆ ಕೊಟ್ಟ ನಂಬರ್, ಓದುವಂತಿರಲಿ. ಬಿಚ್ಚುವುದನ್ನು ನಡುವೆ ನಿಲ್ಲಿಸದೆ ವಿಡಿಯೊ ಮಾಡಿ. ಸಾಮಾನು ಸರಿಯಿದ್ದರೆ ಒಂದೆರಡು ದಿನ ಬಳಸಿ ನೋಡಿ, ಹೊರಡಬ್ಬವನ್ನು ಒಣ ಕಸದವರಿಗೆ ಕೊಟ್ಟುಬಿಡಿ. ಅದಕ್ಕೂ ಮುನ್ನ ಹೆಸರು, ವಿಳಾಸ, ಫೋನ್ ನಂಬರ್ ಇರುವ ಲೇಬಲ್ ಕಿತ್ತು ಹರಿಯಿರಿ. ಥರ್ಮಲ್ ಕಾಗದವಾದರೆ ಹೇರ್ ಡ್ರೈಯರ್ ಬಿಸಿಗೆ ಅಕ್ಷರವೆಲ್ಲ ಕಪ್ಪಾಗಿ ಮುಚ್ಚಿಹೋಗುತ್ತದೆ.

ಜೋಪಾನ ಮಾಡಬೇಕಾದದ್ದು ಕಂಪನಿ ಡಬ್ಬ. ಮೊಬೈಲ್ ವಾಪಸ್ ಒಯ್ಯಲು ಬಂದವರು ಡಬ್ಬದ ಮೇಲಿನ ಐಎಂಇಐ ಸಂಖ್ಯೆಯನ್ನು (ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ) ಫೋನಿನದರ ಜೊತೆ ತಾಳೆ ನೋಡುತ್ತಾರೆ. ಎರಡೂ ಹೊಂದದಿದ್ದರೆ, ಕೇಬಲ್ಲೋ ಕೈಪಿಡಿಯೋ ಇಲ್ಲದಿದ್ದರೆ, ಬಂದ ದಾರಿ ಹಿಡಿಯುತ್ತಾರೆ. ಆದ್ದರಿಂದ ಬಾರ್‌ಕೋಡ್ ಇರುವ ಬದಿಯನ್ನು ಕತ್ತರಿಸಬೇಡಿ. ಅಚ್ಚಿನ ಥರ್ಮೊಕೋಲನ್ನು ಮುರಿಯಬೇಡಿ. ಅದಿಲ್ಲದೆ ಬೇರೆ ಡಬ್ಬಕ್ಕೆ ತುಂಬಿದರೆ ವಸ್ತು ಅಲ್ಲಾಡಿ ಇನ್ನಷ್ಟು ಹಾಳಾಗುತ್ತದೆ, ತಪ್ಪು ನಿಮ್ಮ ತಲೆಗೇ ಬರುತ್ತದೆ. ಆರ್ಡರ್ ಪುಟದಲ್ಲಿ ತೋರಿಸುವ ವಾಪಸಾತಿಯ ಕೊನೆಯ ದಿನಾಂಕದವರೆಗೆ ಇಟ್ಟರೆ ಸಾಕು, ಹೆಚ್ಚಾಗಿ 7 ಅಥವಾ 10 ದಿನ. ಲೆಕ್ಕ ಶುರುವಾಗುವುದು ಡೆಲಿವರಿಯಿಂದ, ನೀವು ಬಿಚ್ಚಿದ ದಿನದಿಂದಲ್ಲ! ಹಬ್ಬಕ್ಕೆ ಬಿಚ್ಚೋಣ ಎಂದು ಕಟ್ಟಿಟ್ಟವರು ಸಿಕ್ಕಿಬೀಳುವುದು ಇಲ್ಲೇ.

ವಾರಂಟಿಗೆ ಸಾಮಾನ್ಯವಾಗಿ ಡಬ್ಬ ಬೇಡ, ಬಿಲ್ಲು ಮತ್ತು ಸೀರಿಯಲ್ ನಂಬರ್ ಬೇಕು. ಎರಡರ ಫೋಟೊ ಇಟ್ಟುಕೊಂಡು ಡಬ್ಬ ವಿಲೇವಾರಿ ಮಾಡಿ. ಮಳೆಗಾಲದಲ್ಲಿ ತೇವ ಹಿಡಿದ ರಟ್ಟಿನ ಮಡಿಕೆಗಳು ಜಿರಳೆಗಳಿಗೆ ಅರಮನೆ.

ಬಾಡಿಗೆ ಮನೆಯವರು ಎರಡನ್ನು ಉಳಿಸಿಕೊಳ್ಳಲಿ. ಒಂದು, ಟಿವಿ ಡಬ್ಬ. ಇನ್ನೊಂದು, ಫ್ರಂಟ್ ಲೋಡ್ ವಾಷಿಂಗ್ ಮಷಿನ್ನಿನ ಹಿಂದಿನಿಂದ ಬಿಚ್ಚಿದ ಸಾಗಣೆ ಬೋಲ್ಟುಗಳು. ಡ್ರಮ್ಮು ಸ್ಪ್ರಿಂಗಿನಲ್ಲಿ ತೂಗಾಡುತ್ತಿರುತ್ತದೆ. ಮನೆ ಬದಲಿಸುವಾಗ ಬೋಲ್ಟು ಹಾಕದೆ ಲಾರಿಗೇರಿಸಿದರೆ ಗುಂಡಿ ರಸ್ತೆಯ ಕುಲುಕಾಟಕ್ಕೆ ಒಳಗಿನ ಭಾಗಗಳು ಕೆಡುತ್ತವೆ.

ಒಡೆದ ವಸ್ತುವನ್ನು ಡಬ್ಬದ ನೆಪ ಹೇಳಿ ವಾಪಸ್ ಪಡೆಯದಿದ್ದರೆ, ಮೊದಲು ಆ ಜಾಲತಾಣದ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಅದೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.