ಪಾದರಸದ ಸೆಲ್ಲು ಹೋಯಿತು, ಮೀಟರಿಗೆ ಬದಲಿ ಏನು?

ಹುಬ್ಬಳ್ಳಿ-ಧಾರವಾಡದ ಹಳೆಯ ಮನೆಗಳ ಟ್ರಂಕಿನಿಂದ ಸೂಪರ್ 8 ಎಂಬ ಫಿಲ್ಮಿನ ಮೂವಿ ಕ್ಯಾಮೆರಾ ಹೊರಗೆ ಬಂದಾಗ ಎಲ್ಲರೂ ಮೊದಲು ಮಾಡುವ ಕೆಲಸ ಒಂದೇ: ಪೆನ್ ಸೆಲ್ ಹಾಕಿ ಗುಂಡಿ ಒತ್ತುವುದು. ಮೋಟಾರು ತಿರುಗಿದರೆ ಕ್ಯಾಮೆರಾ ಸರಿಯಿದೆ ಎಂದುಕೊಳ್ಳುತ್ತಾರೆ. ಆದರೆ ವ್ಯೂಫೈಂಡರಿನೊಳಗೆ ಅಪರ್ಚರ್ (ಬೆಳಕು ಒಳಬಿಡುವ ಲೆನ್ಸಿನ ಕಿಂಡಿ) ತೋರಿಸುವ ಮುಳ್ಳು ಮಾತ್ರ ಒಂದು ತುದಿಯಲ್ಲೇ ಕೂತಿರುತ್ತದೆ. ಬಿಸಿಲಿಗೆ ಹಿಡಿದರೂ ನೆರಳಿಗೆ ಹಿಡಿದರೂ ಕದಲುವುದಿಲ್ಲ. ಬಹಳಷ್ಟು ಸಲ ಕೆಟ್ಟದ್ದು ಬೆಳಕು ಅಳೆಯುವ ಮೀಟರಲ್ಲ. ಅದಕ್ಕೆಂದೇ ಬೇರೆಯಾಗಿ ಒಂದು ಪುಟ್ಟ ಗೂಡಿದೆ, ಅದರೊಳಗಿನ ಗುಂಡಿ ಸೆಲ್ಲು ಎಂದೋ ಸತ್ತಿದೆ.

ಕ್ಯಾನನ್ ಆಟೋ ಜೂಮ್ 814 ಮತ್ತು ನಿಜೋ ಎಸ್800 ಕ್ಯಾಮೆರಾಗಳ ಈ ಗೂಡಿನಲ್ಲಿ ಪಿಎಕ್ಸ್625 ಎಂಬ ಪಾದರಸದ ಸೆಲ್ಲು ಎರಡು ಕೂರುತ್ತವೆ. 16 ಎಂಎಂನ ಸೋವಿಯತ್ ಕ್ರಾಸ್ನೊಗೋರ್ಸ್ಕ್-3ರಲ್ಲಿ ಒಂದು. ಈ ಸೆಲ್ಲು ಈಗ ಎಲ್ಲಿಯೂ ತಯಾರಾಗುವುದಿಲ್ಲ. ಅಮೆರಿಕ 1996ರಲ್ಲಿ ಕಾನೂನು ಮಾಡಿ ನಿಲ್ಲಿಸಿತು, ಯುರೋಪು 2000ದ ಹೊತ್ತಿಗೆ. ಪಾದರಸದ ಬಳಕೆಗೆ ಕಡಿವಾಣ ಹಾಕುವ 2013ರ ಮಿನಮಾಟಾ ಒಪ್ಪಂದವನ್ನು ಭಾರತ 2018ರಲ್ಲಿ ಅನುಮೋದಿಸಿತು. ನಿಷೇಧ ಸರಿಯಾದದ್ದೇ. ಆ ಸೆಲ್ಲಿನ ತೂಕದಲ್ಲಿ ಸುಮಾರು ಮೂರನೇ ಒಂದು ಭಾಗ ಪಾದರಸವಿತ್ತು, ಬಳಸಿ ಎಸೆದದ್ದೆಲ್ಲ ಕೊನೆಗೆ ಮಣ್ಣು, ಕೆರೆ ಸೇರುತ್ತಿತ್ತು.

ಗೂಡಿಗೆ ಹಿಡಿಸುವ ಬೇರೆ ಸೆಲ್ಲು ಹುಡುಕಿದರೆ ಮುಗಿಯಿತು ಎಂದುಕೊಂಡರೆ ಎಡವುವುದು ಅಲ್ಲೇ. ಪಾದರಸದ ಸೆಲ್ಲು ಮೀಟರಿಗೆ ವಿದ್ಯುತ್ತನ್ನಷ್ಟೇ ಕೊಡುತ್ತಿರಲಿಲ್ಲ, ತಕ್ಕಡಿಗೆ ತೂಕದ ಕಲ್ಲು ಇದ್ದ ಹಾಗೆ ಅದೇ ಮೀಟರಿನ ಅಳತೆಗೋಲಾಗಿತ್ತು. ಸ್ಯಾಮ್ಯುಯೆಲ್ ರೂಬೆನ್ ಎರಡನೇ ಮಹಾಯುದ್ಧದ ಕಾಲದಲ್ಲಿ ರೂಪಿಸಿದ ಈ ಸೆಲ್ಲಿನೊಳಗೆ ಒಂದು ಕಡೆ ಸತು, ಇನ್ನೊಂದು ಕಡೆ ಮರ್ಕ್ಯುರಿಕ್ ಆಕ್ಸೈಡು, ನಡುವೆ ಕ್ಷಾರ. ಅದರ ವೋಲ್ಟೇಜು 1.35. ಹೊಸದಿದ್ದಾಗಲೂ ಅಷ್ಟೇ, ಮುಕ್ಕಾಲು ಖರ್ಚಾದಾಗಲೂ ಹೆಚ್ಚುಕಡಿಮೆ ಅಷ್ಟೇ, ಕೊನೆಗೆ ಒಮ್ಮೆಲೇ ಕುಸಿಯುತ್ತದೆ. ಇಷ್ಟು ಸ್ಥಿರವಾದ ಸೆಲ್ಲು ಸಿಕ್ಕಿದ್ದರಿಂದಲೇ ಎಂಜಿನಿಯರುಗಳು ವೋಲ್ಟೇಜ್ ನಿಯಂತ್ರಿಸುವ ಸರ್ಕ್ಯೂಟನ್ನೇ ಕೈಬಿಟ್ಟರು. ಕ್ಯಾಡ್ಮಿಯಂ ಸಲ್ಫೈಡಿನ ಬೆಳಕುಕಣ್ಣು, ಒಂದೆರಡು ರೆಸಿಸ್ಟರು, ಒಂದು ಗ್ಯಾಲ್ವನೋಮೀಟರು, ಎಲ್ಲ ಒಂದೇ ಸಾಲಿನಲ್ಲಿ. ಬೆಳಕು ಹೆಚ್ಚಿದರೆ ಕಣ್ಣಿನ ರೋಧ ಇಳಿಯುತ್ತದೆ, ವಿದ್ಯುತ್ತು ಏರುತ್ತದೆ, ಗ್ಯಾಲ್ವನೋಮೀಟರು ತಿರುಗಿ ಅಪರ್ಚರನ್ನು ಮುಚ್ಚುತ್ತದೆ.

ಈ ಸಾಲಿಗೆ 1.55 ವೋಲ್ಟಿನ ಸಿಲ್ವರ್ ಆಕ್ಸೈಡ್ ಸೆಲ್ಲು ಹಾಕಿ ನೋಡಿ. ವಿದ್ಯುತ್ತು ಶೇಕಡ 15ರಷ್ಟು ಏರುತ್ತದೆ. ಮೀಟರಿಗೆ ಅದು ಹೆಚ್ಚಿನ ವೋಲ್ಟೇಜು ಎಂದು ಗೊತ್ತಾಗುವುದಿಲ್ಲ, ಬೆಳಕೇ ಹೆಚ್ಚಾಯಿತು ಎಂದುಕೊಂಡು ಅಪರ್ಚರನ್ನು ಬೇಕಾದದ್ದಕ್ಕಿಂತ ಚಿಕ್ಕದು ಮಾಡುತ್ತದೆ. ಚಿತ್ರ ಕಪ್ಪಾಗುತ್ತದೆ. ತಪ್ಪು ಎಲ್ಲ ಬೆಳಕಿನಲ್ಲೂ ಒಂದೇ ಆಗಿದ್ದರೆ ಸರಿಪಡಿಸುವುದು ಸುಲಭವಿತ್ತು, ಆದರೆ ಹಾಗಿಲ್ಲ. ಮಂದ ಬೆಳಕಿನಲ್ಲಿ ಸಾಲಿನ ರೋಧವೆಲ್ಲ ಬೆಳಕುಕಣ್ಣಿನದೇ. ಅಲ್ಲಿ ಬೆಳಕು ಇಮ್ಮಡಿಯಾದರೆ ವಿದ್ಯುತ್ತು ಸುಮಾರು 1.6 ಪಟ್ಟು ಆಗುತ್ತದೆ ಎನ್ನೋಣ, ಆಗ ಶೇಕಡ 15ರ ಏರಿಕೆ ಕಾಲು ಸ್ಟಾಪಿನ ಆಸುಪಾಸಿನ ತಪ್ಪಷ್ಟೇ (ಬೆಳಕು ಇಮ್ಮಡಿಯಾದರೆ ಒಂದು ಸ್ಟಾಪು). ಕಡು ಬಿಸಿಲಿನಲ್ಲಿ ಕಣ್ಣಿನ ರೋಧ ತೀರಾ ಇಳಿದು, ಉಳಿದ ರೆಸಿಸ್ಟರುಗಳೇ ಮೇಲುಗೈ ಪಡೆಯುತ್ತವೆ. ಬೆಳಕು ಇಮ್ಮಡಿಯಾದರೂ ವಿದ್ಯುತ್ತು 1.3 ಪಟ್ಟು ಮಾತ್ರ ಏರುವ ಕಡೆ ಅದೇ ಶೇಕಡ 15 ಅರ್ಧ ಸ್ಟಾಪು ದಾಟುತ್ತದೆ. ಏಪ್ರಿಲ್ ತಿಂಗಳ ಗದಗಿನ ಬಿಸಿಲು ಅಂದರೆ ಮೀಟರು ಅತಿ ಹೆಚ್ಚು ತಪ್ಪುವ ಜಾಗ. ಎಕ್ಟಾಕ್ರೋಮ್ 100ಡಿಯಂಥ, ನೇರವಾಗಿ ಪರದೆಗೆ ಹಾಕಿ ನೋಡುವ ರಿವರ್ಸಲ್ ಫಿಲ್ಮು ಅರ್ಧ ಸ್ಟಾಪಿನ ತಪ್ಪನ್ನೇ ತಡೆದುಕೊಳ್ಳುವುದು ಕಷ್ಟ. ನೆಗೆಟಿವ್ ಫಿಲ್ಮು ಬೆಳಕು ಹೆಚ್ಚಾದರೆ ಸಹಿಸುತ್ತದೆ, ಕಡಿಮೆಯಾದರೆ ನೆರಳಿನ ಭಾಗದಲ್ಲಿ ಕಾಳು ಕಾಳಾಗಿ ಕೆಸರಾಗುತ್ತದೆ. ನಮ್ಮ ತಪ್ಪು ಬೀಳುವುದೂ ಕಡಿಮೆಯ ಕಡೆಗೇ. 15 ಮೀಟರಿನ ಒಂದು ಕಾರ್ಟ್ರಿಡ್ಜು ಸೆಕೆಂಡಿಗೆ 18 ಫ್ರೇಮಿನಂತೆ ಓಡುವುದು 3 ನಿಮಿಷ 20 ಸೆಕೆಂಡು ಮಾತ್ರ, ಅದರ ಬೆಲೆ ಬಲ್ಲವರು ಇಷ್ಟಕ್ಕೆ ತಲೆಕೆಡಿಸಿಕೊಳ್ಳುವುದು ನ್ಯಾಯವೇ.

ಎಲ್ಲಕ್ಕಿಂತ ಕೆಟ್ಟ ಬದಲಿ ಎಂದರೆ ವಾಚ್ ಅಂಗಡಿಯಲ್ಲಿ ಕೇಳಿದ ಕೂಡಲೇ ಕೈಗಿಡುವ ಎಲ್‌ಆರ್44. ಅದು ಆಲ್ಕಲೈನ್. 1.5 ವೋಲ್ಟಿನಿಂದ ಶುರುವಾಗಿ ದಿನೇದಿನೇ ಇಳಿಯುತ್ತಾ ಹೋಗುತ್ತದೆ. ಇಳಿಯುವ ದಾರಿಯಲ್ಲಿ ಒಂದು ದಿನ 1.35 ಆಗಿ ಮೀಟರು ಸರಿ ತೋರಿಸುತ್ತದೆ, ಮರುವಾರ ಇನ್ನೊಂದು ಕಡೆಗೆ ತಪ್ಪುತ್ತದೆ. 625 ಅಳತೆಯಲ್ಲೇ ಬರುವ ಆಲ್ಕಲೈನ್ ಸೆಲ್ಲಿಗೂ ಇದೇ ರೋಗ: ಗೂಡಿಗೆ ಅಚ್ಚುಕಟ್ಟಾಗಿ ಕೂರುತ್ತದೆ, ಅಳತೆ ತಪ್ಪಿಸುತ್ತದೆ. ಎಸ್‌ಆರ್44 ಎಂದು ಬರೆದದ್ದೇ ಬೇಕೆಂದು ಹಟ ಹಿಡಿಯಿರಿ, 357 ಎಂಬ ಹೆಸರಿನಲ್ಲೂ ಸಿಗುತ್ತದೆ. ಅದು ಸಿಲ್ವರ್ ಆಕ್ಸೈಡು: ವೋಲ್ಟೇಜು ಹೆಚ್ಚಾದರೂ ಸ್ಥಿರ. ಸ್ಥಿರವಾದದ್ದನ್ನು ತಗ್ಗಿಸಬಹುದು, ಜಾರುತ್ತಿರುವುದನ್ನು ಹಿಡಿಯಲಾಗದು.

ಏನನ್ನೂ ಬಿಚ್ಚದೆ ಸರಿಪಡಿಸುವ ದಾರಿ ಕಿವಿಯಂತ್ರದ ಸತು-ಗಾಳಿ ಸೆಲ್ಲು. 675 ನಂಬರಿನದು, ಮೇಲೆ ನೀಲಿ ಪಟ್ಟಿ. ಶ್ರವಣಸಾಧನದ ಅಂಗಡಿಗಳಲ್ಲಿ ಆರರ ಕಾರ್ಡಿನಲ್ಲಿ ಬರುತ್ತದೆ. ಪಟ್ಟಿ ಕಿತ್ತು ನಾಲ್ಕೈದು ನಿಮಿಷ ಬಿಟ್ಟರೆ ಒಳಗೆ ಗಾಳಿ ಸೇರಿ ಸುಮಾರು 1.4 ವೋಲ್ಟಿಗೆ ನಿಲ್ಲುತ್ತದೆ, ಮೀಟರಿನ ಹೊರೆ ಬಿದ್ದಾಗ ಇನ್ನೂ ಸ್ವಲ್ಪ ಇಳಿದು ಪಾದರಸದ ಸೆಲ್ಲಿಗೆ ತೀರ ಹತ್ತಿರ ಬರುತ್ತದೆ. ಇದರ ವ್ಯಾಸ 11.6 ಮಿಲಿಮೀಟರು, ಎತ್ತರ 5.4. ಹಳೆಯ 625ರ ವ್ಯಾಸ 15.6, ಎತ್ತರ 6ರ ಆಸುಪಾಸು. ಸುತ್ತ ಉಳಿಯುವ 2 ಮಿಲಿಮೀಟರನ್ನು ನಲ್ಲಿ ರಿಪೇರಿಯ ರಬ್ಬರ್ ಓ-ರಿಂಗ್ ತುಂಬುತ್ತದೆ: ಒಳವ್ಯಾಸ 11, ದಪ್ಪ 2. ಎತ್ತರದ ಕೊರತೆಗೆ ತೆಳು ತಾಮ್ರದ ವಾಷರು ಸಾಕು. ಅಲ್ಯೂಮಿನಿಯಂ ಹಾಳೆ ಮಡಿಸಿ ಇಡುವವರಿದ್ದಾರೆ, ಕೆಲವೇ ದಿನಕ್ಕೆ ಅದರ ಮೇಲೆ ಆಕ್ಸೈಡು ಕಟ್ಟಿ ಸಂಪರ್ಕ ತಪ್ಪುತ್ತದೆ. ಗಾಳಿಯ ಸಣ್ಣ ತೂತುಗಳಿರುವುದು ಅಗಲವಾದ ಧನ ಬದಿಯಲ್ಲಿ, ವಾಷರು ಅವನ್ನು ಮುಚ್ಚಬಾರದು. ಗೂಡಿನ ಮುಚ್ಚಳಕ್ಕೆ ರಬ್ಬರಿನ ಬಿಗಿ ಇದ್ದರೆ ಸೆಲ್ಲು ಉಸಿರುಗಟ್ಟಿ ಬೇಗನೆ ಸೋಲುತ್ತದೆ, ಮುಚ್ಚಳವನ್ನು ಅರ್ಧ ಸುತ್ತು ಸಡಿಲ ಬಿಡಿ.

ಇದರ ಕುಂದು ಆಯಸ್ಸು. ಒಮ್ಮೆ ಗಾಳಿ ಸೇರಿತೆಂದರೆ ಬಳಸಲಿ ಬಿಡಲಿ, ಎರಡು-ಮೂರು ತಿಂಗಳಲ್ಲಿ ಮುಗಿಯುತ್ತದೆ. ಒಣ ಗಾಳಿಯಲ್ಲಿ ಒಳಗಿನ ನೀರಿನಂಶ ಆರಿಹೋಗುತ್ತದೆ, ತೇವದಲ್ಲಿ ನೀರು ಹೀರಿ ಉಬ್ಬುತ್ತದೆ. ಗದಗ, ರೋಣದ ಬೇಸಿಗೆಯಲ್ಲಿ ಮೊದಲನೆಯದು, ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಎರಡನೆಯದು. ಪಟ್ಟಿಯನ್ನು ಮತ್ತೆ ಅಂಟಿಸಿದರೆ ಹೆಚ್ಚಿನ ಪ್ರಯೋಜನವಿಲ್ಲ. ವರ್ಷಕ್ಕೊಮ್ಮೆ ಜಾತ್ರೆಯಲ್ಲೋ ಮದುವೆಯಲ್ಲೋ ಒಂದೆರಡು ರೋಲು ತೆಗೆಯುವವರಿಗೆ ಮಾತ್ರ ಇದೇ ಅತ್ಯುತ್ತಮ: ಆ ದಿನ ಹೊಸದು ಹಾಕಿ, ಮುಗಿದ ಮೇಲೆ ತೆಗೆದುಬಿಡಿ.

ಕ್ಯಾಮೆರಾವನ್ನು ಆಗಾಗ ಬಳಸುವವರು ಎಸ್‌ಆರ್44 ಜತೆಗೆ ಡಯೋಡು (ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಪುಟ್ಟ ಬಿಡಿಭಾಗ) ಹಾಕುವುದು ಮೇಲು. ಹೆಚ್ಚಾದ 0.2 ವೋಲ್ಟನ್ನು ಕಳೆಯಲು ಒಂದು ರೆಸಿಸ್ಟರು ಸಾಲದೇ? ಸಾಲದು. ರೆಸಿಸ್ಟರು ಕಳೆಯುವ ವೋಲ್ಟೇಜು ವಿದ್ಯುತ್ತಿನೊಂದಿಗೇ ಏರಿಳಿಯುತ್ತದೆ, ಮೀಟರಿನ ವಿದ್ಯುತ್ತೋ ಮನೆಯೊಳಗೆ ಕೆಲವೇ ಮೈಕ್ರೋಆಂಪಿಯರು, ಬಿಸಿಲಿನಲ್ಲಿ ನೂರಕ್ಕೂ ಮೇಲೆ. ಶಾಟ್ಕಿ ಎಂಬ ಬಗೆಯ ಡಯೋಡಿನಲ್ಲಿ ವಿದ್ಯುತ್ತು ಹತ್ತು ಪಟ್ಟು ಬದಲಾದರೂ ವೋಲ್ಟೇಜು ಬದಲಾಗುವುದು ಸುಮಾರು 0.06 ಮಾತ್ರ. ಬಿಎಟಿ85 ಎಂಬುದು 100 ಮೈಕ್ರೋಆಂಪಿಯರಿನ ಹತ್ತಿರ 0.2 ವೋಲ್ಟಿನಷ್ಟು ತಿನ್ನುತ್ತದೆ, ನಮಗೆ ಬೇಕಾದದ್ದು ಅಷ್ಟೇ. ಅಂಗಡಿಯಲ್ಲಿ ಶಾಟ್ಕಿ ಎಂದರೆ ಸಾಮಾನ್ಯವಾಗಿ 1ಎನ್5819 ಕೊಡುತ್ತಾರೆ. ಅದು ಒಂದು ಆಂಪಿಯರಿನ ಪವರ್ ಸಪ್ಲೈಗೆ ಮಾಡಿದ್ದು, ಇಷ್ಟು ಸಣ್ಣ ವಿದ್ಯುತ್ತಿನಲ್ಲಿ 0.1 ವೋಲ್ಟು ಕಳೆಯುವುದೂ ಕಷ್ಟ. ಎರಡು ಸೆಲ್ಲಿನ ಕ್ಯಾಮೆರಾದಲ್ಲಿ ಕಳೆಯಬೇಕಾದದ್ದು 3.1ರಿಂದ 2.7ಕ್ಕೆ, ಅಂದರೆ 0.4. ಅಲ್ಲಿ ಎರಡು ಬಿಎಟಿ85 ಸಾಲಾಗಿ ಹಾಕಬಹುದು. ಇಲ್ಲವೇ ಎಲ್ಲೆಡೆ ಸಿಗುವ ಸಿಲಿಕಾನ್ ಡಯೋಡ್ 1ಎನ್4148 ಒಂದೇ ಸಾಕು, ಈ ಮಟ್ಟದ ವಿದ್ಯುತ್ತಿನಲ್ಲಿ ಅದು 0.4ರಿಂದ 0.5 ವೋಲ್ಟು ತಿನ್ನುತ್ತದೆ. ಒಂದೇ ಸೆಲ್ಲಿನ ಕ್ಯಾಮೆರಾಕ್ಕೆ ಅದನ್ನು ಹಾಕಿದರೆ ಮೀಟರು ಇನ್ನೊಂದು ದಿಕ್ಕಿಗೆ ತಪ್ಪುತ್ತದೆ.

ಬೆಸುಗೆಗೆ ಮುಂಚೆ ಡಯೋಡು ಬೇಕೇ ಎಂದು ನೋಡಿಕೊಳ್ಳಿ, ಯಾಕೆಂದರೆ ಎರಡು ಬದಿಯ ರೋಧಗಳನ್ನು ಹೋಲಿಸಿ ಅಳೆಯುವ ಬ್ರಿಜ್ ಸರ್ಕ್ಯೂಟಿರುವ ಕೆಲವು ಕ್ಯಾಮೆರಾಗಳು ವೋಲ್ಟೇಜಿನ ವ್ಯತ್ಯಾಸವನ್ನು ತಾವೇ ನುಂಗಿಕೊಳ್ಳುತ್ತವೆ. ಕ್ರೊಕೊಡೈಲ್ ಕ್ಲಿಪ್ಪಿನಿಂದ ಸೆಲ್ಲನ್ನು ಗೂಡಿನ ಸಂಪರ್ಕಗಳಿಗೆ ಜೋಡಿಸಿ, ಬಿಸಿಲು ಬಿದ್ದ ಗೋಡೆಗೆ ಕ್ಯಾಮೆರಾ ಹಿಡಿದು, ನಡುವೆ ಡಯೋಡು ಇಟ್ಟೂ ತೆಗೆದೂ ಮುಳ್ಳನ್ನು ನೋಡಿ. ಕದಲಿದರೆ ಡಯೋಡು ಬೇಕು. ಕದಲದಿದ್ದರೆ ಎಸ್‌ಆರ್44 ಹಾಗೆಯೇ ಹಾಕಿ.

ಡಯೋಡಿಗೆ ಒಳ್ಳೆಯ ಜಾಗ ಗೂಡಿನಿಂದ ಒಳಗೆ ಹೋಗುವ ಋಣ ತಂತಿ. ತಂತಿ ಕತ್ತರಿಸಿ, ಡಯೋಡಿನ ಪಟ್ಟೆ ಇರುವ ಕಾಲು ಸೆಲ್ಲಿನ ಕಡೆಗೆ, ಪಟ್ಟೆ ಇಲ್ಲದ ಕಾಲು ಕ್ಯಾಮೆರಾ ಕಡೆಗೆ ಬರುವಂತೆ ಬೆಸೆದು, ಬಿಸಿಗೆ ಕುಗ್ಗಿ ಬಿಗಿಯಾಗುವ ಹೀಟ್‌ಶ್ರಿಂಕ್ ಕೊಳವೆ ತೊಡಿಸಿ. ಬೆಸುಗೆ ಕಡ್ಡಿ ಎರಡು ಸೆಕೆಂಡಿಗಿಂತ ಹೆಚ್ಚು ತಾಗಬಾರದು, ಗೂಡಿನ ಪ್ಲಾಸ್ಟಿಕ್ಕು ಕರಗಿದರೆ ಸಂಪರ್ಕದ ಸ್ಪ್ರಿಂಗು ಮತ್ತೆ ನೆಟ್ಟಗೆ ನಿಲ್ಲುವುದಿಲ್ಲ. ಕತ್ತರಿಸಿದ ತಂತಿಯ ಒಳಗೆ ತಾಮ್ರ ಕಪ್ಪಾಗಿದ್ದರೆ ಹಿಂದೆಂದೋ ಸೋರಿದ ಕ್ಷಾರ ಇನ್ಸುಲೇಷನ್ನಿನ ಒಳಗೇ ಹತ್ತಿಹೋಗಿದೆ ಎಂದರ್ಥ. ಕಪ್ಪು ತಾಮ್ರಕ್ಕೆ ಬೆಸುಗೆ ಹಿಡಿಯದು. ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸುತ್ತಾ ಹೋಗಿ, ಇಲ್ಲವೇ ತಂತಿಯನ್ನೇ ಬದಲಿಸಿ. ಸಂಪರ್ಕದ ಮೇಲಿನ ಹಸಿರು-ಬಿಳಿ ಹಿಟ್ಟಿಗೆ ವಿನೆಗರಿನಲ್ಲಿ ಒದ್ದೆ ಮಾಡಿದ ಹತ್ತಿಕಡ್ಡಿ, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲು. ಮರಳು ಕಾಗದ ಬೇಡ, ಲೇಪನ ಹೋದರೆ ತುಕ್ಕು ಬೇಗ ಮರಳುತ್ತದೆ. ಬಿಚ್ಚಲು ಮನಸ್ಸಿಲ್ಲದವರಿಗೆ ಡಯೋಡು ಒಳಗೇ ಇರುವ ಎಂಆರ್-9 ಅಡಾಪ್ಟರು ಮಾರಾಟಕ್ಕಿದೆ. ಅದಕ್ಕೆ ಎಸ್‌ಆರ್44 ಹಿಡಿಯದು, 4.2 ಮಿಲಿಮೀಟರ್ ಎತ್ತರದ ಎಸ್‌ಆರ್43 ಬೇಕು.

ಡಯೋಡು ಹಾಕಿದ ಮೇಲೆ ಬ್ಯಾಟರಿ ಚೆಕ್ ಗುಂಡಿ ಒತ್ತಿದರೆ ಮುಳ್ಳು ಗುರುತಿಗಿಂತ ಕೆಳಗೆ ನಿಲ್ಲಬಹುದು. ಆ ಗುಂಡಿ ಸೆಲ್ಲಿನಿಂದ ಹೆಚ್ಚು ವಿದ್ಯುತ್ತು ಎಳೆಯುವುದರಿಂದ ಡಯೋಡೂ ಹೆಚ್ಚು ವೋಲ್ಟು ತಿನ್ನುತ್ತದೆ, ಸೆಲ್ಲು ಹಾಳಾಗಿಲ್ಲ.

ಪರೀಕ್ಷೆ ಒಂದೇ ಬೆಳಕಿನಲ್ಲಿ ಮುಗಿಸಬೇಡಿ. ಕ್ಯಾಡ್ಮಿಯಂ ಸಲ್ಫೈಡಿಗೆ ಹಿಂದಿನ ಬೆಳಕಿನ ನೆನಪಿರುತ್ತದೆ, ಟ್ರಂಕಿನ ಕತ್ತಲಲ್ಲಿ ವರ್ಷಗಟ್ಟಲೆ ಇದ್ದ ಕ್ಯಾಮೆರಾವನ್ನು ಹತ್ತಿಪ್ಪತ್ತು ನಿಮಿಷ ಹಗಲು ಬೆಳಕಿಗೆ ಒಗ್ಗಿಸಿ, ಸೂರ್ಯನಿಗೆ ನೇರ ಮುಖ ಮಾಡಬೇಡಿ. ಆಮೇಲೆ ನಡುಹಗಲಿನಲ್ಲಿ ಬಣ್ಣ ಬಳಿಯದ ಸಿಮೆಂಟ್ ಗೋಡೆ, ಹಂದರದ ನೆರಳು, ಮನೆಯ ಪಡಸಾಲೆ, ಈ ಮೂರೂ ಕಡೆ ನೋಡಿ. 50 ವೇಗದ (ಐಎಸ್‌ಒ 50) ಫಿಲ್ಮಿಗೆ ಸೆಕೆಂಡಿಗೆ 18 ಫ್ರೇಮಿನಲ್ಲಿ ಬಿಸಿಲಿನ ಗೋಡೆಗೆ ಅಪರ್ಚರ್ ಎಫ್16ರ ಆಸುಪಾಸು ಬರಬೇಕು. ನೆರಳು, ಪಡಸಾಲೆಗೆ ಫೋನಿನ ಲೈಟ್ ಮೀಟರ್ ಆ್ಯಪ್‌ನೊಂದಿಗೆ ಹೋಲಿಸಿ, ಶಟರ್ 1/40 ಎಂದು ಕೊಡಿ. ಮೂರೂ ಕಡೆ ಒಂದೇ ಅಳತೆಯಲ್ಲಿ ತಪ್ಪಿದರೆ ಅಷ್ಟು ಸ್ಟಾಪನ್ನು ಕೈಯಾರೆ ಕೂಡಿಸಿಕೊಂಡರೆ ಸಾಕು. ಬಿಸಿಲಿನಲ್ಲಿ ಮಾತ್ರ ತಪ್ಪುತ್ತಿದ್ದರೆ ವೋಲ್ಟೇಜು ಇನ್ನೂ ಸರಿಹೋಗಿಲ್ಲ. ಮೀಟರು ಸರಿಯಾದ ಮೇಲೂ ಎರೆ ಹೊಲದ ನಡುವೆ ಬಿಳಿ ಅಂಗಿ, ಬಿಳಿ ಟೋಪಿಯ ರೈತರನ್ನು ತೆಗೆಯುವಾಗ ಕಪ್ಪು ಮಣ್ಣಿಗೆ ಅಪರ್ಚರ್ ತೆರೆದು ಬಟ್ಟೆ ಸುಟ್ಟ ಹಾಗೆ ಬರುತ್ತದೆ. ಹತ್ತಿರ ಹೋಗಿ ಮುಖ ಅಳೆದು ಅಪರ್ಚರ್ ಲಾಕ್ ಮಾಡಿ ಹಿಂದೆ ಬನ್ನಿ.

ಗೂಡಿನಿಂದ ತೆಗೆದ ಹಳೆಯ ಪಾದರಸದ ಸೆಲ್ಲನ್ನು ಬರಿಗೈಯಲ್ಲಿ ಉಜ್ಜಬೇಡಿ, ಕುಯ್ಯಬೇಡಿ, ಒಲೆಗೆ ಹಾಕಬೇಡಿ. ಜಿಪ್ ಚೀಲದಲ್ಲಿ ಮುಚ್ಚಿ, ಮಕ್ಕಳ ಕೈಗೆ ಸಿಗದಂತೆ ಇಟ್ಟು, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಪಾದರಸ ಇದೆ ಎಂದು ಬಾಯಿಬಿಟ್ಟು ಹೇಳಿ ಕೊಡಿ.