ಬರ್ಗರ್ ಕಂಪನಿಯ ಇಂಗಾಲದ ಲೆಕ್ಕ ಓದುವುದು ಹೇಗೆ?

ಕಂಪನಿಗಳ ಹವಾಮಾನ ವಾಗ್ದಾನ ಓದುವಾಗ ಮೊದಲು ಕಣ್ಣಿಗೆ ಬೀಳುವುದು ಶೇಕಡಾ ಎಷ್ಟು ಎಂಬ ಅಂಕಿ. ಅದನ್ನು ಆಮೇಲೆ ನೋಡಿ. ಯಾವುದರ ಶೇಕಡಾ, ಯಾವ ವರ್ಷಕ್ಕೆ ಹೋಲಿಸಿ, ಯಾರ ಒಲೆಯ ಹೊಗೆ ಅದರಲ್ಲಿ ಸೇರಿದೆ ಎಂಬುದನ್ನು ಮೊದಲು ಹುಡುಕಿ.

ಮೆಕ್‌ಡೊನಾಲ್ಡ್ಸ್ ಉದಾಹರಣೆ ತಗೊಳ್ಳೋಣ. 2018ರಲ್ಲಿ ಅದು ಎರಡು ಗುರಿ ಹೇಳಿತು. 2015ಕ್ಕೆ ಹೋಲಿಸಿದರೆ 2030ರ ಹೊತ್ತಿಗೆ ರೆಸ್ಟೋರೆಂಟ್ ಮತ್ತು ಆಫೀಸುಗಳ ಹೊರಸೂಸುವಿಕೆ (ಗಾಳಿಗೆ ಬಿಡುವ, ಭೂಮಿ ಬಿಸಿ ಮಾಡುವ ಅನಿಲ) ಶೇ. 36 ಇಳಿಯಬೇಕು. ಪೂರೈಕೆಯ ಕಡೆ, ಒಂದು ಟನ್ ಆಹಾರ ಮತ್ತು ಪ್ಯಾಕಿಂಗ್‌ಗೆ ಆಗುವ ಹೊರಸೂಸುವಿಕೆ ಶೇ. 31 ಇಳಿಯಬೇಕು. 2021ರಲ್ಲಿ, 2050ಕ್ಕೆ ನೆಟ್ ಝೀರೋ, ಅಂದರೆ ಬಿಟ್ಟದ್ದನ್ನೂ ಹೀರಿದ್ದನ್ನೂ ಕಳೆದರೆ ಸೊನ್ನೆ, ಎಂಬ ಮಾತೂ ಸೇರಿತು.

ಎರಡು ಗುರಿಯೂ ಒಂದೇ ಥರ ಕಾಣುತ್ತವೆ, ಅಲ್ವಾ? ಮೊದಲನೆಯದು ಒಟ್ಟು ಮೊತ್ತದ ಇಳಿಕೆ. ಎರಡನೆಯದು ಟನ್ನಿಗೆ ಇಷ್ಟು ಎಂಬ ದರದ ಇಳಿಕೆ. 100 ಟನ್ ಸರಕಿಗೆ 100 ಘಟಕ ಹೊಗೆ ಎಂದುಕೊಳ್ಳಿ. ದರ 0.69ಕ್ಕೆ ಇಳಿಯಿತು, ಸರಕು 145 ಟನ್ನಿಗೆ ಏರಿತು. ಗುಣಿಸಿದರೆ 100.05. ಗುರಿ ಮುಟ್ಟಿದ್ದಾಯಿತು, ಗಾಳಿಗೆ ಹೋದದ್ದು ಮಾತ್ರ ಚೂರೂ ಕಮ್ಮಿಯಾಗಲಿಲ್ಲ.

ಈಗ ಸ್ಕೋಪ್, ಅಂದರೆ ಹೊಗೆ ಯಾರ ಕಡೆಯದು ಎಂದು ಮೂರು ಭಾಗ ಮಾಡುವ ಲೆಕ್ಕ. ಕಂಪನಿ ತಾನೇ ನೇರವಾಗಿ ಬಿಡುವುದು ಸ್ಕೋಪ್ 1. ಕಾರವಾರದಲ್ಲಿ ಹೆದ್ದಾರಿ 66ರ ಪಕ್ಕ ಇಂಥದ್ದೊಂದು ಅಂಗಡಿ ಇದೆ ಎಂದು ಸುಮ್ನೆ ಊಹಿಸಿ. ಅದರ ಅಡುಗೆ ಗ್ಯಾಸ್ ಸ್ಕೋಪ್ 1. ಒಂದು ಕಿಲೋ ಎಲ್‌ಪಿಜಿ ಉರಿದರೆ ಸುಮಾರು 3 ಕಿಲೋ ಇಂಗಾಲದ ಡೈಆಕ್ಸೈಡ್ ಬರುತ್ತದೆ. 19 ಕಿಲೋ ಕಮರ್ಷಿಯಲ್ ಸಿಲಿಂಡರ್‌ಗೆ ಸುಮಾರು 57 ಕಿಲೋ ಆಯಿತು. ಎ.ಸಿ. ಗ್ಯಾಸ್ ಸೋರಿಕೆಯೂ ಸ್ಕೋಪ್ 1, ಇದನ್ನು ಬಹಳ ಜನ ಮರೆಯುತ್ತಾರೆ. ಎ.ಸಿ.ಯಲ್ಲಿ ಬಳಸುವ ಆರ್-410ಎ ಎಂಬ ಗ್ಯಾಸ್ ಒಂದು ಕಿಲೋ ಸೋರಿದರೆ 2,000 ಕಿಲೋಗೂ ಜಾಸ್ತಿ ಇಂಗಾಲದ ಡೈಆಕ್ಸೈಡ್‌ಗೆ ಸಮ, ಅಂದರೆ 35 ಸಿಲಿಂಡರ್ ಉರಿಸಿದ ಹಾಗೆ. ಉಪ್ಪುಗಾಳಿಗೆ ಕಾಯಿಲ್ ತುಕ್ಕು ಹಿಡಿಯುವ ನಮ್ಮ ಕರಾವಳಿಯಲ್ಲಿ ಇದು ಸಣ್ಣ ವಿಷಯವಲ್ಲ.

ಕೊಂಡ ಕರೆಂಟು ಸ್ಕೋಪ್ 2. ಇಲ್ಲಿ ನಮ್ಮ ಜಿಲ್ಲೆಯವರಿಗೆ ಒಂದು ಗೊಂದಲ ಆಗೇ ಆಗುತ್ತದೆ. ಪಕ್ಕದಲ್ಲೇ ಕೈಗಾ ಅಣುವಿದ್ಯುತ್ ಕೇಂದ್ರ ಇದೆ, 220 ಮೆಗಾವಾಟ್‌ನ ನಾಲ್ಕು ಘಟಕ. ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳಿವೆ. ಹಾಗಾದರೆ ಕಾರವಾರದ ಕರೆಂಟಿಗೆ ಹೊಗೆಯೇ ಇಲ್ಲವಲ್ಲ? ಲೆಕ್ಕ ಹಾಗೆ ಹಾಕುವುದಿಲ್ಲ. 2013ರ ಕೊನೆಯಿಂದ ದೇಶಕ್ಕೆಲ್ಲ ಒಂದೇ ಗ್ರಿಡ್, ಅಂದರೆ ಒಂದೇ ವಿದ್ಯುತ್ ಜಾಲ. ಕೈಗಾದ ಕರೆಂಟು, ರಾಯಚೂರಿನ ಕಲ್ಲಿದ್ದಲಿನ ಕರೆಂಟು ಎಲ್ಲ ಅದರಲ್ಲೇ ಬೆರೆಯುತ್ತದೆ. ಹಾಗಾಗಿ ಯೂನಿಟ್‌ಗೆ ದೇಶದ ಸರಾಸರಿ, ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್, ಹಿಡಿಯುತ್ತಾರೆ. ಇದು ಸ್ಥಳ ಆಧಾರಿತ ವಿಧಾನ. ಇನ್ನೊಂದು ಮಾರುಕಟ್ಟೆ ಆಧಾರಿತ ವಿಧಾನ. ಅದರಲ್ಲಿ ಹಸಿರು ವಿದ್ಯುತ್ತಿನ ಒಪ್ಪಂದವನ್ನೋ ಪ್ರಮಾಣಪತ್ರವನ್ನೋ ಕೊಂಡರೆ, ಒಂದು ಬಲ್ಬೂ ಆರಿಸದೆ ಸ್ಕೋಪ್ 2 ಇಳಿಸಬಹುದು. ಇದನ್ನು ಮೋಸ ಎಂದು ನಾನು ಹೇಳುವುದಿಲ್ಲ. ಆದರೆ ವರದಿಯಲ್ಲಿ ಒಂದೇ ಅಂಕಿ ಕೊಟ್ಟಿದ್ದರೆ ಅದು ಯಾವ ವಿಧಾನದ್ದು ಎಂದು ಕೇಳಲೇಬೇಕು.

ಸರಕು ಪೂರೈಸುವವರ ಹೊಗೆಯೂ ಸೇರಿ ಉಳಿದದ್ದೆಲ್ಲ ಸ್ಕೋಪ್ 3, ದೊಡ್ಡ ಪಾಲು ಇರುವುದೇ ಅಲ್ಲಿ. ಜಗತ್ತಿನ ಲೆಕ್ಕದಲ್ಲಿ ದನದ ಮಾಂಸದ ಭಾರ ಜಾಸ್ತಿ. ಭಾರತದಲ್ಲಿ ಈ ಕಂಪನಿ ದನ, ಹಂದಿ ಮಾಂಸ ಮಾರುವುದಿಲ್ಲ. ಹಾಗಂತ ಪ್ರಾಣಿಗಳ ಲೆಕ್ಕ ಮುಗಿಯಲಿಲ್ಲ, ಚೀಸ್ ಇದೆಯಲ್ಲ. ಹಸು, ಎಮ್ಮೆ ಮೆಲುಕು ಹಾಕುವಾಗ ಮೀಥೇನ್ ಬಿಡುತ್ತವೆ, ಶಿರಸಿಯ ಕೊಟ್ಟಿಗೆಯಲ್ಲೂ ಬಿಡುತ್ತವೆ. ನೂರು ವರ್ಷದ ಲೆಕ್ಕದಲ್ಲಿ ಅದರ ಬಿಸಿ ಇಂಗಾಲದ ಡೈಆಕ್ಸೈಡ್‌ನ ಸುಮಾರು 28 ಪಟ್ಟು. ಪೇಪರ್ ಸ್ಟ್ರಾಗೆ ಪ್ರಚಾರ ಜಾಸ್ತಿ, ಲೆಕ್ಕದಲ್ಲಿ ತೂಕ ಚೀಸ್‌ಗೇ ಜಾಸ್ತಿ.

ಫ್ರಾಂಚೈಸಿಯ ವಿಷಯ ಗಮನವಿಟ್ಟು ಓದಿ. ಈ ಕಂಪನಿಯ ಸುಮಾರು ಶೇ. 95ರಷ್ಟು ಅಂಗಡಿಗಳನ್ನು ನಡೆಸುವವರು ಫ್ರಾಂಚೈಸಿಗಳು, ಅಂದರೆ ಹೆಸರು ಬಳಸಲು ಪರವಾನಗಿ ಪಡೆದ ಬೇರೆ ಮಾಲೀಕರು. ಪಶ್ಚಿಮ ಮತ್ತು ದಕ್ಷಿಣ ಭಾರತದಲ್ಲಿ ವೆಸ್ಟ್‌ಲೈಫ್ ಫುಡ್‌ವರ್ಲ್ಡ್ ಸಮೂಹ ನಡೆಸುತ್ತದೆ. ಹಾಗಾಗಿ ನಮ್ಮ ಊಹೆಯ ಅಂಗಡಿಯ ಸಿಲಿಂಡರ್ ಇಲ್ಲಿ ನಡೆಸುವವರಿಗೆ ಸ್ಕೋಪ್ 1, ಅಮೆರಿಕದ ಮೂಲ ಕಂಪನಿಗೆ ಸ್ಕೋಪ್ 3. ಸ್ವಂತ ಅಂಗಡಿಗಳನ್ನು ಫ್ರಾಂಚೈಸಿಗೆ ಕೊಟ್ಟುಬಿಟ್ಟರೆ ಮೂಲ ಕಂಪನಿಯ ಸ್ಕೋಪ್ 1 ತಾನಾಗೇ ಇಳಿಯುತ್ತದೆ, ಒಲೆ ಉರಿಯುತ್ತಲೇ ಇರುತ್ತದೆ.

ಷೇರುಪೇಟೆಯ ನಿಯಂತ್ರಕ ಸೆಬಿಯ ನಿಯಮದಂತೆ 2022-23ರಿಂದ, ಮಾರುಕಟ್ಟೆ ಮೌಲ್ಯದಲ್ಲಿ ಷೇರುಪೇಟೆಯ ಮೊದಲ 1,000 ಕಂಪನಿಗಳು ಬಿಆರ್‌ಎಸ್‌ಆರ್ (ವ್ಯವಹಾರದ ಹೊಣೆ ಮತ್ತು ಸುಸ್ಥಿರತೆ) ವರದಿ ಕೊಡಬೇಕು. ಪರಿಸರಕ್ಕೆ ಸಂಬಂಧಿಸಿದ ಅದರ ಆರನೇ ತತ್ವದಲ್ಲಿ ಸ್ಕೋಪ್ 1 ಮತ್ತು 2 ಕಡ್ಡಾಯದ ಭಾಗದಲ್ಲಿವೆ, ಸ್ಕೋಪ್ 3 ಐಚ್ಛಿಕ ಭಾಗದಲ್ಲಿದೆ. ಎರಡು ಸಲ ಎಣಿಕೆಯ, ಅಂದರೆ ಒಂದೇ ಹೊಗೆ ಇಬ್ಬರ ಲೆಕ್ಕದಲ್ಲಿ ಬರುವುದರ, ಬಗ್ಗೆ ಪರೀಕ್ಷೆಯಲ್ಲಿ ಕೇಳಿದರೆ ಮೇಲಿನ ಸಿಲಿಂಡರನ್ನೇ ಬರೆಯಿರಿ. ಎರಡೂ ಕಂಪನಿಯ ಪುಸ್ತಕದಲ್ಲಿ ಅದು ಇರುವುದು ಸರಿಯೇ. ಆ ಎರಡು ಅಂಕಿ ಕೂಡಿಸಿ ಒಟ್ಟು ಮೊತ್ತ ತೆಗೆಯಬಾರದು, ಅಷ್ಟೇ.